ಕೆಂಪು ಕಾರಿನ ಮುಂದಿನ ಸೀಟು

ನಮ್ಮ ಮಸಿಖಾಪಾನೆ ಅಂತ್ಯಸಂಸ್ಕಾರ ಸಂಘದ ಅಧ್ಯಕ್ಷರೂ, ನಾನು ಬಾಯಿ ತೆರೆಯುವ ಮೊದಲೇ ಗಡಿಯಾರ ನೋಡಿಕೊಳ್ಳುತ್ತಿರುವವರೂ ಆದ ಶ್ರೀ ಸಿಗ್ವೇಲಾ ಅವರೇ, ಪ್ರಾರ್ಥನೆ ನಡೆಸಿಕೊಟ್ಟ ಪಾದ್ರಿಗಳೇ, ಮುಂದಿನ ಸಾಲಿನಲ್ಲಿ ಹೊಸ ಸೂಟು ತೊಟ್ಟು ಕೂತಿರುವ ಕಾರು ಏಜೆನ್ಸಿಯ ಶ್ರೀ ಫೋರ್ಟೈನ್ ಅವರೇ, ಕೈಯಲ್ಲಿ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿರುವ ತಾಯಂದಿರೇ, ಗುಗುಲೆತು ಬಡಾವಣೆಯ ನನ್ನ ಎಲ್ಲ ಸಭಿಕರೇ,

ಇಂದು ನನಗೆ ಕೊಟ್ಟಿರುವ ಕೆಲಸ ಬಹಳ ಚಿಕ್ಕದು. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷಕ್ಕೆ ನಾವು ಸದಸ್ಯರ ಹೆಸರಿನ ಚೀಟಿ ಎತ್ತಿ ಒಂದು ಕಾರನ್ನು ಬಹುಮಾನವಾಗಿ ಕೊಡುತ್ತಿದ್ದೇವೆ. ಆ ಕಾರು ಗೇಟಿನ ಹತ್ತಿರ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ನಿಂತಿರುವುದನ್ನು ನೀವೆಲ್ಲ ನೋಡಿಕೊಂಡೇ ಒಳಗೆ ಬಂದಿದ್ದೀರಿ. ಕೆಲವರು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡದ್ದೂ ನನಗೆ ಗೊತ್ತು. ನಾನು ಎರಡು ಒಳ್ಳೆಯ ಮಾತಾಡಿ, ಗೆದ್ದವರನ್ನು ಮೇಲಕ್ಕೆ ಕರೆದು, ಈ ಕೀಲಿಕೈ ಕೊಟ್ಟು, ‘ಸುಖವಾಗಿ ಹೋಗಿ ಬಾ’ ಎಂದು ಹರಸಬೇಕು. ಇಷ್ಟೇ. ಐದು ನಿಮಿಷದ ಕೆಲಸ. ಅಧ್ಯಕ್ಷರೇ, ಐದು ನಿಮಿಷಕ್ಕೆ ಮುಗಿಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಗೆದ್ದವರು ಯಾರು ಎಂಬುದೂ ಗುಟ್ಟೇನಲ್ಲ. ಚೀಟಿ ಎತ್ತಿದ್ದು ಹೋದ ಭಾನುವಾರ. ಬಂದ ಹೆಸರು ಫುಮೇಝಾ. ನನ್ನ ಮಗಳು. ಅಂದಿನಿಂದ ಈ ಬಡಾವಣೆಯಲ್ಲಿ ಎಷ್ಟು ಮಾತು! ‘ಸಮಿತೀಲಿ ಅಮ್ಮ ಇದ್ರೆ ಮಗಳಿಗೆ ಕಾರು ಬರದೆ ಇನ್ನೇನು?’ ಅಂದವರು ಯಾರು, ಎಲ್ಲಿ ಅಂದರು, ಎಲ್ಲ ನನ್ನ ಕಿವಿಗೆ ಬಿದ್ದಿದೆ. ಅವರೂ ಇಲ್ಲೇ ಕೂತಿದ್ದಾರೆ, ತಟ್ಟೆಯಲ್ಲಿ ಎರಡನೇ ಸಲ ಕುರಿಮಾಂಸ ಹಾಕಿಸಿಕೊಂಡಿದ್ದಾರೆ. ತಿನ್ನಲಿ ಪಾಪ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಜಾಗ ನನ್ನ ಎದೆಯಲ್ಲಿ ಈಗ ಇಲ್ಲ. ಅಲ್ಲಿ ಪೂರ್ತಿ ಭಯವೇ ತುಂಬಿಕೊಂಡಿದೆ.

ಹೌದು ಸಭಿಕರೇ, ಭಯ. ಈ ಮಾದ್ಲೋಮೋ ಕೂಡ ಹೆದರುತ್ತಾಳೆಯೇ ಎಂದು ನೀವು ನಗಬಹುದು. ನನ್ನನ್ನು ಕಂಡರೆ ಹೆದರುವುದು ನೀವು ತಾನೇ!

ಯಾಕೆ ಎಂದು ಹೊಸ ಸದಸ್ಯರಿಗೆ ಗೊತ್ತಿರಲಿಕ್ಕಿಲ್ಲ. ನಾವು ಈ ಕೇಪ್‌ಟೌನಿನಲ್ಲಿ ದುಡಿಯುತ್ತೇವೆ, ಮಕ್ಕಳನ್ನು ಹೆರುತ್ತೇವೆ, ಬೈದಾಡುತ್ತೇವೆ. ಆದರೆ ಕೊನೆಗೆ ಮಲಗುವುದು ಊರಿನ ಮಣ್ಣಿನಲ್ಲೇ. ನಮ್ಮೂರು ಕೊಫಿಮ್ವಾಬಾ ಎಲ್ಲಿ, ಕೇಪ್‌ಟೌನ್ ಎಲ್ಲಿ? ಒಂದು ಹಗಲು ಒಂದು ಇರುಳಿನ ದಾರಿ. ಸಂಘದ ವ್ಯಾನಿನ ಹಿಂದೆ ಪೆಟ್ಟಿಗೆ ಹೊತ್ತ ಟ್ರೇಲರ್. ವ್ಯಾನಿನ ಮುಂದಿನ ಸೀಟಿನಲ್ಲಿ, ಡ್ರೈವರಿನ ಪಕ್ಕದಲ್ಲಿ, ಸಂಘದ ಹಿರಿಯರೊಬ್ಬರು. ಆ ಹಿರಿಯರು ದಾರಿಯುದ್ದಕ್ಕೂ ಸತ್ತವರ ಜೊತೆ ಮಾತಾಡುತ್ತಿರಬೇಕು. ಇಲ್ಲದಿದ್ದರೆ ಆ ಜೀವ ದಾರಿಯಲ್ಲೆಲ್ಲೋ ಹಿಂದೆ ಉಳಿದುಬಿಡುತ್ತದೆ. ಇಪ್ಪತ್ತೈದು ವರ್ಷದಿಂದ ಆ ಸೀಟು ನನ್ನದು. ‘ತಮ್ಮಾ, ಸುರಂಗ ಬಂತು, ಕತ್ತಲೆ ಅಂತ ಹೆದರ್ಬೇಡ, ನಾನಿಲ್ಲೇ ಇದೀನಿ. ಇಗೋ ಘಾಟಿ ಹತ್ತಾ ಇದೀವಿ. ಈಗ ಬೋಫರ್ಟ್ ವೆಸ್ಟ್ ದಾಟಿ ಬಲಕ್ಕೆ ತಿರುಗ್ತೀವಿ, ಹಿಂದೇನೇ ಬಾ. ಇಗೋ ನಮ್ ಕೇ ನದಿ ಸೇತುವೆ. ಅದೋ ನಿಮ್ಮಪ್ಪನ ಕೊಟ್ಟಿಗೆ ಕಾಣಿಸ್ತಾ?’ ಇಲ್ಲಿ ಕೂತಿರುವ ಬಹಳ ಜನರ ಅಪ್ಪ ಅಮ್ಮಂದಿರಿಗೆ ನಾನು ಹೀಗೆ ದಾರಿ ಹೇಳಿದ್ದೇನೆ. ಬದುಕಿದ್ದಾಗ ನನ್ನ ಮಾತು ಕೇಳದವರೂ ಆಗ ಕೇಳಿಕೊಂಡು ಬಂದಿದ್ದಾರೆ.

ಇದರಿಂದ ನನಗೆ ಸಿಕ್ಕ ಗೌರವ ಎಂಥದ್ದು ಗೊತ್ತೇ? ಟ್ಯಾಕ್ಸಿ ನಿಲ್ದಾಣದಲ್ಲಿ ಒಬ್ಬ ಡ್ರೈವರೂ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸುವುದಿಲ್ಲ! ‘ಅಯ್ಯೋ ಮಾದ್ಲೋಮೋ, ನಿನ್ ಕಾಲಿಗೆ ಬೀಳ್ತೀನಿ, ಹಿಂದೆ ಕೂತ್ಕೊಳಮ್ಮ. ನೀನು ಮುಂದೆ ಕೂತಿದ್ದು ಕಂಡ್ರೆ ಜನ ನನ್ ಗಾಡಿ ಹತ್ತೋದೇ ಇಲ್ಲ!’ ಮಂಡಿ ನೋವು ಅಂದರೂ ಕೇಳುವುದಿಲ್ಲ. ಮಾರುಕಟ್ಟೆಗೆ ಹೋಗಿ ಬರಲಿಕ್ಕೂ ನನಗೆ ಹಿಂದಿನ ಮೂಲೆಯೇ ಗತಿ. ನಗಿ, ನಗಿ. ನಾನೂ ನಕ್ಕಿದ್ದೇನೆ.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ಕಾರಿನ ಹೆಸರು ಹೇಳುವುದಿಲ್ಲ. ಶ್ರೀ ಫೋರ್ಟೈನ್ ಅವರ ಮುಖ ಈಗಲೇ ಸಣ್ಣದಾಗಿದೆ. ನಾಲ್ಕು ಬಾಗಿಲಿನ, ಹಿಂದಕ್ಕೆ ಡಿಕ್ಕಿಯೇ ಇಲ್ಲದಂತೆ ಮೊಟಕಾದ, ಪುಟ್ಟ ಕಾರು. ಚೆಂದವಿಲ್ಲ ಎಂದು ಯಾರು ಹೇಳುತ್ತಾರೆ? ಸಮಿತಿಯ ಸಭೆಗೆ ಶ್ರೀ ಫೋರ್ಟೈನ್ ಅವರು ಒಂದು ಫಿಲ್ಮು ತಂದಿದ್ದರು. ಕಾರನ್ನು ಬೇಕೆಂದೇ ಗೋಡೆಗೆ ಗುದ್ದಿಸಿ ಒಳಗಿನವರು ಉಳಿಯುತ್ತಾರೋ ಇಲ್ಲವೋ ನೋಡುವ ಪರೀಕ್ಷೆಯಂತೆ. ಒಳಗೆ ಮನುಷ್ಯರ ಬದಲು ಗೊಂಬೆಗಳು. ಕಾರು ಬಂದು ಢಮಾರ್ ಎಂದು ಗುದ್ದಿತು. ಮೂತಿ ಮಾತ್ರ ಮುದುಡಿತು. ಬೆಳ್ಳಗೆ ಏರ್‌ಬ್ಯಾಗುಗಳು ಅರಳಿದವು. ಗೊಂಬೆಗಳು ಅದಕ್ಕೆ ಮುಖ ಒತ್ತಿ ಹಿಂದಕ್ಕೆ ಒರಗಿದವು, ಭಾನುವಾರದ ಊಟವಾದ ಮೇಲೆ ನಮ್ಮ ಅಧ್ಯಕ್ಷರು ಸೋಫಾಕ್ಕೆ ಒರಗುತ್ತಾರಲ್ಲ, ಹಾಗೆ. ಕೊನೆಗೆ ಪರೀಕ್ಷೆಯ ಅಂಕಗಳಂತೆ ಸಾಲಾಗಿ ನಕ್ಷತ್ರಗಳು ಬಂದವು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೆಣ ಸಾಗಿಸುವ ಸಂಘದವರಿಗೆ ಇಂಥ ಕಾರಿಗಿಂತ ಒಳ್ಳೆಯ ಬಹುಮಾನ ಇನ್ನೇನಿದ್ದೀತು?

ಆ ಫಿಲ್ಮು ನನಗೆ ಎಷ್ಟು ಹಿಡಿಸಿತೆಂದರೆ, ಫೋನಿಗೆ ಹಾಕಿಸಿಕೊಂಡು ಮನೆಗೆ ಬಂದೆ. ಚೀಟಿಯಲ್ಲಿ ಮಗಳ ಹೆಸರು ಬಂದ ಮೇಲಂತೂ ದಿನಾ ನೋಡುತ್ತಿದ್ದೆ. ಬಟಾಣಿ ಬಿಡಿಸುತ್ತಾ ನೋಡುವುದು, ಆ ಗೊಂಬೆಗಳು ಉಳಿದದ್ದನ್ನು ಕಂಡು ‘ದೇವರು ದೊಡ್ಡವನು’ ಎನ್ನುವುದು. ಈ ಫೋನುಗಳ ಬುದ್ಧಿ ನಿಮಗೆ ಗೊತ್ತಲ್ಲ, ಒಂದು ಮುಗಿದರೆ ತಾನೇ ಇನ್ನೊಂದನ್ನು ಶುರುಮಾಡುತ್ತದೆ. ಮೊನ್ನೆ ಕೈ ತುಂಬ ಬಟಾಣಿ ಸಿಪ್ಪೆ ಇತ್ತು, ನಿಲ್ಲಿಸಲಿಲ್ಲ. ಇನ್ನೊಂದು ಬಂತು. ಅದೇ ಕಾರು. ಅದೇ ಮುಖ, ಅದೇ ಹೆಸರು. ಆದರೆ ಅದು ಮೊದಲ ಫಿಲ್ಮಿನಲ್ಲಿದ್ದ, ದೂರದ ಶ್ರೀಮಂತ ದೇಶಗಳಲ್ಲಿ ಮಾರುವ ಕಾರಲ್ಲ. ನಮ್ಮ ಆಫ್ರಿಕಾದಲ್ಲಿ, ನಮಗಾಗಿ ಮಾರುವ ಕಾರು.

ಅದೂ ಬಂದು ಗುದ್ದಿತು. ಮೂತಿ ಮುದುಡಿ ಅಲ್ಲಿಗೇ ನಿಲ್ಲಲಿಲ್ಲ. ಬಾಗಿಲಿನ ಮುಂದಿನ ಕಂಬ ಬಗ್ಗಿತು. ಛಾವಣಿ ಮಡಚಿತು. ಕಾಲಿಡುವ ಜಾಗ ಬಾಯಿ ಬಿಟ್ಟಿತು. ಸ್ಟಿಯರಿಂಗು ಹಿಂದಕ್ಕೆ ಬಂತು. ಹಿಂದಕ್ಕೆ ಬಂತು, ಸಭಿಕರೇ, ಅದು ಇರಬೇಕಾದಲ್ಲಿ ನಿಲ್ಲದೆ ಮನುಷ್ಯನ ಎದೆ ಇರುವ ಜಾಗಕ್ಕೇ ಬಂತು. ಹಿಂದಿನ ಸೀಟಿನಲ್ಲಿ ಮಗುವಿನಷ್ಟೇ ಒಂದು ಗೊಂಬೆ ಕೂರಿಸಿದ್ದರು. ಅದರ ತಲೆ ಹೇಗೆ ಹೋಯಿತು ಎಂಬುದನ್ನು ನಾನು ಈ ಸಭೆಯಲ್ಲಿ ಹೇಳಲಾರೆ. ಕೊನೆಗೆ ಒಂದೇ ಒಂದು ನಕ್ಷತ್ರ ಬಂತು. ಯಾವ ಗಾಡಿ ಹತ್ತಿದರೂ ನನ್ನ ಮೊಮ್ಮಗಳು ಅಖೋನಾ ಕೂರುವುದು ಅದೇ ಕಡೆ, ಡ್ರೈವರಿನ ಹಿಂದೆ. ಕಿಟಕಿ ಬೇಕು ಅವಳಿಗೆ.

ಬಟಾಣಿ ನೆಲದ ಮೇಲೆ ಚೆಲ್ಲಿತು. ಎತ್ತಲಿಲ್ಲ. ನೇರ ಏಜೆನ್ಸಿಗೆ ಹೋದೆ. ಶ್ರೀ ಫೋರ್ಟೈನ್ ಬಹಳ ಮರ್ಯಾದೆಯಿಂದ ಕೂರಿಸಿ ಟೀ ಕೊಟ್ಟರು. ‘ಮಗಾ, ಎರಡಕ್ಕೂ ಒಂದೇ ಹೆಸ್ರು ಇಟ್ಟಿದೀರಲ್ಲ, ಒಂದು ಉಳಿಸುತ್ತೆ ಒಂದು ಉಳಿಸಲ್ಲ ಯಾಕೆ?’ ಎಂದು ಕೇಳಿದೆ. ‘ಅಮ್ಮಾ, ಹೆಸ್ರು ಒಂದೇ, ಮಾರ್ಕೆಟ್ ಬೇರೆ’ ಎಂದರು. ‘ಅಲ್ಲಿಯವರ ಎದೆಗೂಡು ಬೇರೆ, ನಮ್ಮದು ಬೇರೆಯಾ?’ ಎಂದೆ. ‘ಹಂಗಲ್ಲಮ್ಮಾ, ಸರ್ಕಾರ ಕೇಳಿದ್ದೆಲ್ಲ ಇದ್ರಲ್ಲಿದೆ. ಹುಷಾರಾಗಿ ಓಡಿಸಿದ್ರೆ ಏನಾಗುತ್ತೆ?’ ಎಂದರು. ಅವರು ಸುಳ್ಳು ಹೇಳಲಿಲ್ಲ. ಹುಷಾರಾಗಿ ಓಡಿಸಿದರೆ ಏನೂ ಆಗುವುದಿಲ್ಲ. ಆದರೆ ಎದುರಿನಿಂದ ಬರುವವನು? ತೂಕಡಿಸಿಕೊಂಡು ಬರುವ ಲಾರಿಯವನು? ಅವನ ಹುಷಾರನ್ನೂ ನನ್ನ ಮಗಳೇ ಹೊರಬೇಕೇ?

ನೀವು ಕೇಳಬಹುದು, ಗೊಂಬೆ ನೋಡಿ ಇಷ್ಟು ಹೆದರುವುದೇ ಎಂದು. ನಾನು ಹೆದರಿದ್ದು ಗೊಂಬೆಗಲ್ಲ. ಆ ಸಂದಿಗೆ. ಸೀಟಿಗೂ ಸ್ಟಿಯರಿಂಗಿಗೂ ನಡುವೆ ಉಳಿದ ಆ ಸಂದಿ ಇದೆಯಲ್ಲ, ಅದನ್ನು ನಾನು ಮೊದಲೇ ನೋಡಿದ್ದೆ. ಬೋಫರ್ಟ್ ವೆಸ್ಟಿನ ಪೊಲೀಸ್ ಅಂಗಳದಲ್ಲಿ. ಬಹಳ ವರ್ಷದ ಕೆಳಗೆ. ಅಲ್ಲೂ ಒಂದು ಸಣ್ಣ ಕಾರು ಇತ್ತು, ನೀಲಿ. ಪೊಲೀಸಿನವನು ಬೇಡವೆಂದರೂ ನಾನು ಆ ಸಂದಿಯಲ್ಲಿ ಕೈ ಇಟ್ಟು ನೋಡಿದೆ. ಒಂದು ಗೇಣು ಇರಲಿಲ್ಲ. ಅಷ್ಟಗಲದ ಎದೆಯ ಹುಡುಗ, ಶಾಲೆಯಲ್ಲಿ ರಗ್ಬಿ ಆಡಿದವನು, ಎರಡು ಕೈಯಲ್ಲಿ ಎರಡು ಹಿಟ್ಟಿನ ಮೂಟೆ ಎತ್ತುತ್ತಿದ್ದವನು, ಅಷ್ಟರಲ್ಲಿ ಹೇಗೆ ಹಿಡಿಸಿದನೋ ನಮ್ಮ ವುಯಾನಿ...

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಸ್ವಲ್ಪ ನೀರು ಕೊಡಿ.

ಹಳಬರಿಗೆ ಗೊತ್ತಿದೆ. ಹೊಸಬರಿಗೂ ಈಗ ಗೊತ್ತಾಯಿತು. ನನ್ನ ಹಿರಿಯ ಮಗ. ಅವನನ್ನು ಊರಿಗೆ ಒಯ್ಯುವಾಗ ಬೇರೆ ಹಿರಿಯರು ಕೂರುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಬೇರೆಯವರ ಮಕ್ಕಳಿಗೆಲ್ಲ ದಾರಿ ಹೇಳಿದವಳು ನನ್ನ ಮಗನಿಗೆ ಹೇಳದೆ ಇರಲೇ? ಬೋಫರ್ಟ್ ವೆಸ್ಟಿನಿಂದ ಆಬರ್ಡೀನಿಗೆ ಹೋಗುವ ಆ ನೇರ ರಸ್ತೆಯಲ್ಲಿ, ಗಾಜಿನ ಚೂರು ಇನ್ನೂ ಬಿದ್ದಿದ್ದ ಜಾಗದಲ್ಲಿ, ವ್ಯಾನು ನಿಲ್ಲಿಸಿದೆವು. ಇಳಿದು ಕರೆದೆ. ‘ವುಯಾನಿ, ನೀನಿಲ್ಲೇ ಇದೀಯಲ್ಲ ಕಂದಾ, ಏಳು, ಮನೆಗೆ ಹೋಗೋಣ. ಹೆದರ್ಬೇಡ, ನಾನಿಲ್ಲೇ ಇದೀನಿ.’ ಅಲ್ಲಿಂದ ಮನೆಯವರೆಗೆ ಒಂದು ತಿರುವನ್ನೂ ಬಿಡದೆ ಹೇಳಿದೆ. ಅವನು ಬಂದ. ಬಂದ ಎಂದೇ ನಾನು ನಂಬಿದ್ದೇನೆ.

ಇರಲಿ. ಸಂತೋಷದ ಸಭೆ ಇದು. ಅಧ್ಯಕ್ಷರು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಆದರೆ ಮೊನ್ನೆ ಇವರ ಹತ್ತಿರ ಹೋಗಿ ಫಿಲ್ಮು ತೋರಿಸಿದಾಗ ಏನಂದರು ಕೇಳಿ. ‘ಮಾದ್ಲೋಮೋ ಅವ್ರೇ, ಕಾರು ಬಂದು ನಿಂತಿದೆ, ರಿಬ್ಬನ್ ಕಟ್ಟಿದಾರೆ, ಕುರಿಗೆ ಹೇಳಿ ಆಗಿದೆ. ಈಗ ಹಿಂಗಂದ್ರೆ ಹೆಂಗೆ?’ ರಿಬ್ಬನ್ ಬಿಚ್ಚಲಿಕ್ಕೆ ಎಷ್ಟು ಹೊತ್ತು ಬೇಕು ಅಧ್ಯಕ್ಷರೇ? ಆ ಕುರಿಯನ್ನು ಕಾರಿಲ್ಲದೆಯೂ ತಿನ್ನಬಹುದಿತ್ತಲ್ಲ?

ಮಗಳಿಗೂ ತೋರಿಸಿದೆ. ಎರಡನೇ ಸಾಲಿನಲ್ಲಿ ಮಗು ಲುತೋನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತಿದ್ದಾಳೆ, ನೋಡಿ. ಪೂರ್ತಿ ನೋಡಿದಳು. ನೋಡಿ ಏನೆಂದಳು? ‘ಅಮ್ಮಾ, ನೀನು ಹೆಣದ ಗಾಡೀಲಿ ಕೂತೂ ಕೂತೂ ಎಲ್ರನ್ನೂ ಹೆಣವಾಗೇ ನೋಡ್ತೀಯ.’ ಆಮೇಲೆ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು, ‘ಪ್ರತಿ ಡಿಸೆಂಬರ್‌ನಲ್ಲೂ ಇಬ್ರು ಮಕ್ಳನ್ನ ತೊಡೆ ಮೇಲೆ ಹಾಕ್ಕೊಂಡು ಬಸ್ಸಲ್ಲಿ ಹೋಗಿದೀನಿ. ಅಖೋನಾ ನನ್ ಬಟ್ಟೆ ಮೇಲೆಲ್ಲ ವಾಂತಿ ಮಾಡ್ಕೊಂಡು, ಅದೇ ವಾಸ್ನೇಲಿ ಅತ್ತೆ ಮನೆ ಬಾಗಿಲಿಗೆ ಹೋಗಿ ನಿಂತಿದೀನಿ. ಒಂದೇ ಒಂದ್ ಸಲ ನನ್ ಕಾರಲ್ಲಿ ಹೋಗಿ ಇಳೀಬೇಕಮ್ಮಾ.’

ತಪ್ಪು ಮಾತೇ ಅದು? ನಾಳೆ ಸಂಜೆ ಬಿಸಿಲು ಇಳಿದ ಮೇಲೆ ಹೊರಡುತ್ತಾರೆ. ಬೀಗರ ಮನೆಯಲ್ಲಿ ಬಿಯರು ಹುಳಿಯಲಿಕ್ಕೆ ಇಟ್ಟಾಗಿದೆ. ಕಾರನ್ನು ದನದ ಕೊಟ್ಟಿಗೆಯ ಬಾಗಿಲಿಗೆ ಒಯ್ದು, ಚಕ್ರಕ್ಕೆ ಬಿಯರು ಹೊಯ್ದು, ಮನೆತನದ ತೀರಿಹೋದ ಹಿರಿಯರಿಗೆ ತೋರಿಸಬೇಕು. ಅಳಿಯ ಸಿಂಡೀಲೆ ಆಗಲೇ ಗೇಟಿಗೇ ಪಂಪು ತಂದು ಟೈರಿಗೆ ಗಾಳಿ ಹೊಡೆದಿದ್ದಾನೆ. ದಾರಿಗೆಂದು ಕೋಳಿ ಕರಿಯಲಿಕ್ಕೆ, ಬ್ರೆಡ್ಡು ಆವಿಯಲ್ಲಿ ಬೇಯಿಸಲಿಕ್ಕೆ ನನಗೇ ಹೇಳಿದ್ದಾರೆ. ನಾನೇ ಕರಿಯಬೇಕು, ನಾನೇ ಕಟ್ಟಿಕೊಡಬೇಕು, ನಾನೇ ಈ ಕೀಲಿಕೈಯನ್ನೂ ಕೊಡಬೇಕು!

ಇವತ್ತು ಬೆಳಿಗ್ಗೆ ಸ್ನಾನ ಮಾಡುವಾಗ ಒಂದು ಉಪಾಯ ಹೊಳೆಯಿತು. ಈ ವೇದಿಕೆಗೆ ಬಂದು, ‘ಸಮಿತಿಯವರ ಮಗಳಿಗೆ ಬಹುಮಾನ ಬರುವುದು ಶೋಭಿಸುವುದಿಲ್ಲ, ನಾವು ಬಿಟ್ಟುಕೊಡುತ್ತೇವೆ’ ಎಂದುಬಿಡುವುದು. ನೀವು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಿರಿ. ಆ ಎರಡನೇ ತಟ್ಟೆಯವರೂ ತಟ್ಟುತ್ತಿದ್ದರು. ಎಂಥ ದೊಡ್ಡ ಮನಸ್ಸು ಎನ್ನುತ್ತಿದ್ದಿರಿ. ಬಟ್ಟೆ ಉಟ್ಟುಕೊಳ್ಳುವಾಗ ನೆನಪಾಯಿತು. ಮೊದಲನೆಯವರು ಬಿಟ್ಟರೆ ಕಾರು ಎರಡನೇ ಚೀಟಿಯವರಿಗೆ. ಎರಡನೇ ಚೀಟಿ ಯಾರದು? ಅಲ್ಲಿ ಕಿಟಕಿಯ ಹತ್ತಿರ ಮೊಮ್ಮಕ್ಕಳ ನಡುವೆ ಕೂತಿರುವ ನಮ್ಮ ಮಾಬೇಲೆಯದು. ಅವಳ ಮಗನೂ ಅದೇ ರಸ್ತೆಯಲ್ಲೇ ಹೋಗುವವನು, ಈ ಮಕ್ಕಳನ್ನೇ ಹಿಂದೆ ತುಂಬಿಕೊಂಡು ಹೋಗುವವನು. ಮಾಬೇಲೆ, ನನ್ನ ಮಗ ಹೋದಾಗ ನಮ್ಮ ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದವಳು ನೀನು. ನನ್ನ ಮೊಮ್ಮಕ್ಕಳು ಬೇಡ, ನಿನ್ನ ಮೊಮ್ಮಕ್ಕಳಾದರೆ ಆಗಬಹುದು ಎಂದು ನಾನು ಚಪ್ಪಾಳೆ ಹೊಡೆಸಿಕೊಳ್ಳಲೇ? ಥೂ! ನನಗೇ ನಾಚಿಕೆಯಾಯಿತು.

ಆದ್ದರಿಂದ ಸಭಿಕರೇ, ಕೀಲಿಕೈ ಇಲ್ಲಿದೆ, ನನ್ನ ಮುಷ್ಟಿಯಲ್ಲಿ. ಕೊಡುವುದಿಲ್ಲ ಎನ್ನಲು ನನಗೆ ಅಧಿಕಾರವಿಲ್ಲ. ಚೀಟಿ ಎತ್ತಿದ್ದೇವೆ, ಮಾತು ಮಾತೇ. ಆದರೆ ಕೊಡುವವಳು ನಾನಾದ್ದರಿಂದ ಒಂದೇ ಒಂದು ಷರತ್ತು ಹಾಕುತ್ತೇನೆ. ಈ ಕಾರನ್ನು ಯಾರು ತೆಗೆದುಕೊಂಡರೂ ಊರಿನ ಮೊದಲ ಪಯಣದಲ್ಲಿ ಮುಂದಿನ ಸೀಟು ನನಗೆ ಕೊಡಬೇಕು. ಡ್ರೈವರಿನ ಪಕ್ಕದ ಸೀಟು. ಅಲ್ಲಿ ಕೂತು, ಈ ಗೇಟಿನಿಂದಲೇ ಶುರುಮಾಡಿ, ನಾನು ಯಾವಾಗಲೂ ಮಾತಾಡುವ ಹಾಗೆ ಮಾತಾಡಿಕೊಂಡು ಬರುತ್ತೇನೆ. ಸುರಂಗ ಬಂತು ಎಂದು, ಘಾಟಿ ಬಂತು ಎಂದು, ಸೇತುವೆ ಬಂತು ಎಂದು. ಒಂದು ತಿರುವನ್ನೂ ಬಿಡುವುದಿಲ್ಲ.

ಈಗ ಹೇಳಿ, ಯಾರಿಗೆ ಬೇಕು ಈ ಕೀಲಿಕೈ?

ನೋಡಿದಿರಾ, ಸಭೆ ಹೇಗೆ ತಣ್ಣಗಾಯಿತು! ಅಡುಗೆಮನೆಯ ಬಾಗಿಲಲ್ಲಿ ಯಾರೋ ಶಿಲುಬೆ ಗುರುತು ಹಾಕಿಕೊಂಡರು. ಮಾಬೇಲೆ ಬೇಡ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದಾಳೆ, ಬದುಕಿಕೋ ತಾಯಿ. ಟ್ಯಾಕ್ಸಿ ನಿಲ್ದಾಣದ ಹುಡುಗರು ಕಲಿಸಿದ ಪಾಠ ಕೊನೆಗೂ ನನ್ನ ಉಪಯೋಗಕ್ಕೆ ಬಂತು. ಯಾರಿಗೂ ಬೇಡವಾದರೆ ಶ್ರೀ ಫೋರ್ಟೈನ್ ಅವರು ಕಾರನ್ನು ದಯವಿಟ್ಟು ಹಿಂದಕ್ಕೆ ಒಯ್ಯಲಿ. ಆ ಮೊದಲ ಫಿಲ್ಮಿನ ಕಾರು ಇದ್ದರೆ ತಂದುಕೊಡಲಿ. ನಾವು ಕಾಯುತ್ತೇವೆ. ಕಾಯುವುದು ನಮಗೆ ಹೊಸದಲ್ಲ. ಅಲ್ಲಿಗೆ ನನ್ನ ಭಾಷಣ...

ಫುಮೇಝಾ. ಯಾಕೆ ಎದ್ದೆ?

ಕೂತ್ಕೋ ಮಗಳೇ. ನಗ್ಬೇಡ. ಇದು ನಗೋ ವಿಷ್ಯ ಅಲ್ಲ. ಸಿಂಡೀಲೆ, ಹೇಳೋ ಅವಳಿಗೆ!

ಸಭಿಕರೇ, ನನ್ನ ಮಗಳು ಬರುತ್ತಿದ್ದಾಳೆ. ಮಗುವನ್ನು ಗಂಡನ ಕೈಗೆ ಕೊಟ್ಟು, ಕೈ ಚಾಚಿಕೊಂಡು ಬರುತ್ತಿದ್ದಾಳೆ. ‘ಸೀಟು ನಿಂದೇ ಅಮ್ಮಾ, ಎಷ್ಟ್ ಬೇಕಾದ್ರೂ ಮಾತಾಡು’ ಎನ್ನುತ್ತಿದ್ದಾಳೆ, ಹಿಂದಿನವರಿಗೆ ಕೇಳಿಸಿತೇ? ಇಡೀ ಗುಗುಲೆತು ನನ್ನನ್ನು ಕಂಡರೆ ಹೆದರುತ್ತದೆ. ಇವಳೊಬ್ಬಳಿಗೆ ಮಾತ್ರ ನಾನು ಮುಂದಿನ ಸೀಟಿನ ಮುದುಕಿಯಲ್ಲ, ಬರೀ ಅಮ್ಮ. ಇದೊಂದನ್ನು ನಾನು ಯೋಚಿಸಿರಲಿಲ್ಲ.

ಮಾತು ಕೊಟ್ಟಾಗಿದೆ. ನಾಳೆ ಸಂಜೆ ಆ ಸೀಟಿನಲ್ಲಿ ಕೂರುತ್ತೇನೆ. ಎಲ್ಲರೂ ನಮಗಾಗಿ ಪ್ರಾರ್ಥನೆ ಮಾಡಿ. ಬೇರೆ ಏನು ಕೇಳಲಿ ನಿಮ್ಮನ್ನು? ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಪಾದ್ರಿಗಳಿಗೆ, ಟೀ ಕೊಟ್ಟ ಶ್ರೀ ಫೋರ್ಟೈನ್ ಅವರಿಗೆ, ಅಡುಗೆಯ ತಾಯಂದಿರಿಗೆ, ನನ್ನ ಮಾಬೇಲೆಗೆ, ನಿಮಗೆಲ್ಲರಿಗೂ ನನ್ನ ಧನ್ಯವಾದಗಳು.

ಮಗಳೇ, ಅಲ್ಲಿ ಮೈಕಿನ ವೈರ್ ಇದೆ, ದಾಟ್ಕೊಂಡ್ ಬಾ. ಇಗೋ, ಮೆಟ್ಟಿಲು ಬಂತು. ಹತ್ತು, ಹೆದರ್ಬೇಡ, ನಾನಿಲ್ಲೇ ಇದೀನಿ.

ನಮಸ್ಕಾರ.